ತಂಗಿಯ ಎದೆ ತೊಳೆದ ದಿನ

ಹೊಲಿಗೆ ಅಂಗಡಿಯ ಅಕ್ಕನಿಗೆ ಇದ್ದವಳು ಒಬ್ಬಳೇ ತಂಗಿ. ಮನೆಯಲ್ಲಿ ಅವಳ ಹೆಸರು ರೇಡಿಯೋ. ಬಾಯಿ ತೆರೆದರೆ ನಿಲ್ಲಿಸುವವರಿರಲಿಲ್ಲ. ಮೂರು ವರ್ಷಗಳಿಂದ ಆ ರೇಡಿಯೋ ಎರಡು ಮಾತಿಗೊಮ್ಮೆ ನಿಂತು ಏದುಸಿರು ಬಿಡುತ್ತಿತ್ತು. ಒಬ್ಬ ಡಾಕ್ಟರು ದಮ್ಮು ಎಂದರು, ಇನ್ನೊಬ್ಬರು ನ್ಯುಮೋನಿಯಾ ಎಂದರು. ಯಾವ ಔಷಧಿಯೂ ನಾಟಲಿಲ್ಲ.

ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತವನ್ನು ಹೊರದೇಶದ ಲ್ಯಾಬಿಗೆ ಕಳಿಸಿದರು. ವರದಿ ಬಂದಾಗ ಇಬ್ಬರನ್ನೂ ಕೂರಿಸಿಕೊಂಡರು.

"ಎಲ್ಲರ ಶ್ವಾಸಕೋಶದಲ್ಲೂ ಒಂದು ತೆಳು ಜಿಡ್ಡು ಇರುತ್ತಮ್ಮ. ಹಳೇದಾದ ಜಿಡ್ಡನ್ನ ತೆಗೆಯೋ ಜೀವಕಣಗಳೂ ಇರ್ತವೆ. ಇವಳ ಕಣಗಳಿಗೆ ಆ ಕೆಲಸ ಮಾಡೋಕೆ ಬರ್ತಿಲ್ಲ, ಜಿಡ್ಡು ತುಂಬಿಕೊಂಡು ಉಸಿರು ಕಟ್ತಿದೆ. ಹುಟ್ಟಿನಿಂದ ಬಂದದ್ದು, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ. ತುಂಬಾ ಅಪರೂಪ."

"ಔಷಧಿ?" ಅಕ್ಕ ಕೇಳಿದಳು.

"ಐದು ದೇಶದವರು ಸೇರಿ ಹುಡುಕ್ತಿದಾರೆ. ಸಿಗೋವರೆಗೆ ಶ್ವಾಸಕೋಶ ತೊಳೀಬೇಕು."

"ನಾನೇನು ಬೆಡ್‌ಶೀಟಾ... ತೊಳೆಯೋಕೆ?" ಎಂದಳು ರೇಡಿಯೋ, ನಡುವೆ ಉಸಿರೆಳೆದುಕೊಂಡು.

ಡಾಕ್ಟರಮ್ಮ ಮುಚ್ಚಿಡಲಿಲ್ಲ: ತಾವು ಇದನ್ನು ಒಮ್ಮೆಯೂ ಮಾಡಿಲ್ಲ, ಮಾಡಿದವರು ಮೂವರು ಮೂರು ದೇಶಗಳಿಂದ ಪರದೆಯ ಮೇಲೆ ಜೊತೆಗಿರುತ್ತಾರೆ.

ತೊಳೆಯುವ ದಿನ ಅಕ್ಕ ಗಾಜಿನ ಈಚೆ ನಿಂತಳು. ಆಚೆ ತಂಗಿಗೆ ಅರಿವಳಿಕೆ ಕೊಟ್ಟಿದ್ದರು. ಗಂಟಲಲ್ಲಿ ಎರಡು ದಾರಿಯ ನಳಿಕೆ; ಒಂದು ಶ್ವಾಸಕೋಶ ಯಂತ್ರದಿಂದ ಉಸಿರಾಡುತ್ತಿತ್ತು, ಇನ್ನೊಂದಕ್ಕೆ ಬೆಚ್ಚನೆಯ ಉಪ್ಪುನೀರು ಇಳಿಯುತ್ತಿತ್ತು. ಪರದೆಯ ಮೇಲೆ ಒಬ್ಬರ ಕಿಟಕಿಯಲ್ಲಿ ಆಗಷ್ಟೇ ಬೆಳಗು, ಇನ್ನೊಬ್ಬರದರಲ್ಲಿ ಸಂಜೆ. ನೆರೆಗೂದಲಿನ ಮುದುಕರೊಬ್ಬರು ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಗಾಳಿಯಲ್ಲಿ ತಟ್ಟಿ ತೋರಿಸಿದರು. ಇಲ್ಲಿ ಸಹಾಯಕ ಅದೇ ಲಯದಲ್ಲಿ ತಂಗಿಯ ಪಕ್ಕೆಲುಬಿನ ಮೇಲೆ ತಟ್ಟಿದ.

ನೀರು ಹೊರಬಂತು. ಮೊದಲ ಬಾಟಲಿ ಗಟ್ಟಿ ಹಾಲಿನಂತೆ ಬೆಳ್ಳಗೆ. ಎರಡನೆಯದೂ ಹಾಗೇ, ಆರನೆಯದೂ ಹಾಗೇ. ಹನ್ನೆರಡನೆಯದು ಅಕ್ಕಿ ತೊಳೆದ ನೀರಿನಂತಿತ್ತು. ಹದಿನೆಂಟನೆಯ ಬಾಟಲಿಯನ್ನು ನರ್ಸು ಎತ್ತಿ ಹಿಡಿದಾಗ, ಅದರ ಹಿಂದಿದ್ದ ಗೋಡೆ ಗಡಿಯಾರದ ಮುಳ್ಳು ಅಕ್ಕನಿಗೆ ಕಂಡಿತು.

ಇಷ್ಟನ್ನೂ ಎದೆಯಲ್ಲಿ ಹೊತ್ತುಕೊಂಡೇ ಇವಳು ನಕ್ಕಳಲ್ಲ, ಜಗಳವಾಡಿದಳಲ್ಲ! ಎಂದುಕೊಂಡಳು ಅಕ್ಕ. ಪರದೆಯ ಮೇಲೆ ಆ ಮುದುಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಂಗಿಯನ್ನು ಅವರು ಹಿಂದೆಂದೂ ಕಂಡವರಲ್ಲ. ಅವಳ ಹೆಸರಿಗೆ ಅವರ ನಾಲಿಗೆ ಹೊರಳುತ್ತಲೂ ಇರಲಿಲ್ಲ.

ಮೊದಲ ಬಾಟಲಿಯಿಂದ ಸ್ವಲ್ಪ ತೆಗೆದು, ಮಂಜುಗಡ್ಡೆಯಲ್ಲಿಟ್ಟು, ಸಂಶೋಧನೆಗೆಂದು ಸಮುದ್ರದಾಚೆಗೆ ಕಳಿಸಿದರು. ಮರುದಿನ ಸುದ್ದಿ ಕೇಳಿದ ತಂಗಿ ಕಣ್ಣರಳಿಸಿದಳು.

"ನಾನಿನ್ನೂ ವಿಮಾನ ನಿಲ್ದಾಣದ ಬಾಗಿಲೂ ನೋಡಿಲ್ಲ, ನನ್ನ ಕಫ ಆಗಲೇ ಹಾರಿ ಹೋಯ್ತೇನೇ ಅಕ್ಕಾ!"

ಒಂದೇ ಉಸಿರಿನಲ್ಲಿ. ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

ಎರಡು ವಾರದ ಮೇಲೆ ಇನ್ನೊಂದು ಶ್ವಾಸಕೋಶದ ಸರದಿ. ಈ ಸಲ ಪರದೆಯಲ್ಲಿ ನಾಲ್ಕನೆಯ ಮುಖವಿತ್ತು: ಮತ್ತೊಂದು ದೇಶದ ಎಳೆಯ ಲೇಡಿ ಡಾಕ್ಟರ್, ಕೈಯಲ್ಲಿ ಪೆನ್ನು.

"ಅಲ್ಲಿ ಹದಿನಾರರ ಹುಡುಗಿ ಒಬ್ಬಳಿಗೆ ಇದೇ ಕಾಯಿಲೆಯಂತೆ," ಗಾಜಿನ ಈಚೆ ಅಕ್ಕನ ಪಕ್ಕ ನಿಂತ ನರ್ಸು ಪಿಸುಗುಟ್ಟಿದಳು. "ಇವರು ನಮ್ಮ ಡಾಕ್ಟರಮ್ಮನ ಹತ್ರ ಕಲಿಯೋಕೆ ಬಂದಿದಾರೆ."

ಹದಿನೈದು ದಿನದ ಹಿಂದೆ ಕಲಿತವರು ಇವತ್ತು ಕಲಿಸುವವರು! ಎಳೆಯ ಡಾಕ್ಟರ್ ಏನೋ ಕೇಳಿದರು. ಡಾಕ್ಟರಮ್ಮ ಕೈ ನಿಲ್ಲಿಸದೆ ಉತ್ತರಿಸಿದರು.

"ಏನಂತೆ?" ಅಕ್ಕ ಕೇಳಿದಳು.

"ಅಲ್ಲಿ ನಾನೊಬ್ಬಳೇ ಹೇಗೆ ಮಾಡಲಿ ಅಂದ್ರು ಅವರು. ಆ ದಿನ ನಾವೆಲ್ಲ ಪರದೆಯಲ್ಲಿ ಜೊತೆಗಿರ್ತೀವಿ ಅಂದ್ರು ನಮ್ಮ ಡಾಕ್ಟರಮ್ಮ."