ಬೆಳಗಿನ ಬಿಳಿ ಹೊಗೆ

ನಾನು ಒಂದು ಲಾರಿ. ಕಾರ್ಖಾನೆಯಿಂದ ಹೊರಟಾಗ ನನಗೆ ಮೈಯೇ ಇರಲಿಲ್ಲ. ಬರೀ ಚಾಸಿ, ಆರು ಸಿಲಿಂಡರಿನ ಎಂಜಿನ್ನು, ಒಂದು ಸ್ಟೀರಿಂಗ್. ಮುಖಕ್ಕೆ ಟವೆಲ್ ಸುತ್ತಿಕೊಂಡ ಡ್ರೈವರೊಬ್ಬ ಹಲಗೆಯ ಮೇಲೆ ಕೂತು, ಬಿಸಿಲು ಗಾಳಿ ಎನ್ನದೆ ನನ್ನನ್ನು ತುಮಕೂರಿನವರೆಗೆ ಓಡಿಸಿಕೊಂಡು ಬಂದ. ಅಲ್ಲಿ ಬಡಗಿಗಳು ಹಲಗೆ ಜೋಡಿಸಿ ಮೈ ಕೊಟ್ಟರು. ಪೇಂಟರೊಬ್ಬ ಹಣೆಯ ಮೇಲೆ ಎರಡು ನವಿಲು ಬರೆದ. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಲಾರಿಗೆ ಅವನೇ ಮೂರು ನವಿಲು ಬರೆದಿದ್ದ. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಅವತ್ತೇ ಎಂದು ಕಾಣುತ್ತದೆ.

ಮೊದಲ ಏಳು ವರ್ಷ ಅಕ್ಕಿ ಗಿರಣಿಯವರ ಹತ್ತಿರ ದುಡಿದೆ. ಅವರಿಗೆ ನಾಲ್ಕು ಲಾರಿಗಳು, ನಾನು ನಾಲ್ಕನೆಯದು. ಆಮೇಲೆ ಕುಣಿಗಲ್ ಕಡೆಯ ಇಟ್ಟಿಗೆ ಗೂಡಿನವರ ಕೈ ಸೇರಿದೆ. ಅವರು ನನ್ನನ್ನು ತೊಳೆಯುತ್ತಿದ್ದದ್ದು ಆಯುಧಪೂಜೆಯ ದಿನ ಮಾತ್ರ. ಮೂರನೆಯವನಾಗಿ ಬಂದವನು ತಿಪಟೂರಿನ ಷಡಕ್ಷರಿ. ಅವನಿಗೆ ನಾನೊಂದೇ ಲಾರಿ. ಮೊದಲ ದಿನವೇ ತೆಂಗಿನ ನಾರಿನಿಂದ ನನ್ನ ಮೈಯ ಇಟ್ಟಿಗೆ ಧೂಳನ್ನೆಲ್ಲ ಉಜ್ಜಿ ತೊಳೆದ. ನನಗೆ ಬೇಕಾಗಿದ್ದದ್ದು ಅಷ್ಟೇ. ಕೊಬ್ಬರಿ ಮೂಟೆ, ಕಾಯಿ, ಕರಟ ಹೊತ್ತು ಅವನ ಜೊತೆ ಎಷ್ಟೋ ಊರು ತಿರುಗಿದೆ.

ಅವನ ತಂಗಿ ಕುಮುದ ಗಂಡನ ಮನೆ ಬಿಟ್ಟು ತವರಿಗೆ ಬಂದ ವರ್ಷ ನನಗೆ ಚೆನ್ನಾಗಿ ನೆನಪಿದೆ. ಅವಳು ಮನೆಯೊಳಗೆ ಮೂಲೆ ಹಿಡಿದು ಕೂರುವುದನ್ನು ನೋಡಲಾರದೆ ಷಡಕ್ಷರಿ ಒಂದು ಭಾನುವಾರ ಅವಳನ್ನು ಖಾಲಿ ಸಂತೆ ಮೈದಾನಕ್ಕೆ ಕರೆತಂದು ನನ್ನ ಸ್ಟೀರಿಂಗ್ ಹಿಡಿಸಿದ. ಮೊದಮೊದಲು ಅವಳ ಮೇಲೂ ನನಗೆ ಸಿಟ್ಟು. ನನ್ನ ಸೀಟು ಅವನದು, ಇವಳಿಗೇಕೆ ಎಂದು. ಆದರೆ ಅವಳ ಕೈ ಹಗುರ, ಕಿವಿ ಚುರುಕು. ಗೇರು ಬದಲಿಸುವ ಮೊದಲು ನನ್ನ ದನಿಗೆ ಕಾಯುತ್ತಿದ್ದಳು. ಎರಡು ವರ್ಷದಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಅಣ್ಣನ ಜೊತೆ ಸರದಿಯ ಮೇಲೆ ಓಡಿಸತೊಡಗಿದಳು. "ನಾನೇ ಕಲಿಸಿದ್ದು ಕಣ್ರೀ," ಎಂದು ಷಡಕ್ಷರಿ ಕೊಬ್ಬರಿ ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದ.

ಆಮೇಲೆ ಕುಮುದ ತನ್ನದೇ ಹೊಸ ಲಾರಿ ತಂದಳು.

ನೀಲಿ ಮುಖದ್ದು. ಕೀಲಿ ತಿರುಗಿಸಿದರೆ ಸಾಕು, ಸದ್ದಿಲ್ಲದೆ ಎದ್ದು ಕೂರುತ್ತಿತ್ತು. ಅದಕ್ಕೆ ಜಾಗ ಬೇಕೆಂದು ನನ್ನನ್ನು ತಗಡಿನ ಶೆಡ್ಡಿನಿಂದ ಹೊರಗೆ, ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಬೆಳಿಗ್ಗೆ ನನ್ನ ಮೈಮೇಲೆ ಇಬ್ಬನಿ, ಹಕ್ಕಿಯ ಹಿಕ್ಕೆ. ಅದರ ಹಣೆಗೆ ಕುಂಕುಮ, ಚೆಂಡು ಹೂವಿನ ಹಾರ. ನಾನು ದಿನವೂ ಆ ಹಾರವನ್ನು ನೋಡಿ ಉರಿದೆ.

ಉರಿದದ್ದು ನಾನೊಂದೇ ಅಲ್ಲ. ಮಂಡಿಯಲ್ಲಿ ವ್ಯಾಪಾರಿಗಳು, "ದೂರದ ಲೋಡು ಅಲ್ವಾ, ಕುಮುದಮ್ಮನ ಗಾಡಿ ಬರ್ಲಿ," ಎನ್ನತೊಡಗಿದರು. ಷಡಕ್ಷರಿ ನಗುತ್ತಲೇ ತಲೆ ಆಡಿಸುತ್ತಿದ್ದ. ಆಮೇಲೆ ಬಂದು ನನ್ನ ಬಾಗಿಲನ್ನು ದಢಾರನೆ ಎಳೆದುಕೊಳ್ಳುತ್ತಿದ್ದ. ಆ ಹೊಡೆತ ಯಾರಿಗೆಂದು ನನಗೆ ಗೊತ್ತಿತ್ತು. ನಮ್ಮಿಬ್ಬರ ಸಂಕಟ ಒಂದೇ ಎಂದು ನನಗೆ ಒಳಗೊಳಗೇ ಸಮಾಧಾನ.

ಆ ಮಾರ್ಗಶಿರದ ಚಳಿಯಲ್ಲಿ ನನಗೆ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಐದಾರು ಸಲ ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯದು. ಹಿಡಿದರೆ ಅಂಗಳದ ತುಂಬ ಬಿಳಿ ಹೊಗೆ, ಕಣ್ಣು ಉರಿಸುವಂಥದ್ದು. ನಿಂತಲ್ಲೇ ಗಡಗಡ ನಡುಗುತ್ತಿದ್ದೆ. ಕನ್ನಡಿಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಹತ್ತು ನಿಮಿಷ ಕಳೆದರೆ ಎಲ್ಲ ಸರಿ, ದಿನವಿಡೀ ಏನೂ ಆಗದವರಂತೆ ಓಡುತ್ತಿದ್ದೆ. "ಎಂಜಿನ್ನು ಮುಗೀತು," ಎಂದರು ನೋಡಿದವರು.

ರಾತ್ರಿಯೆಲ್ಲ ಮಂಡಿಯ ಕಟ್ಟೆಗೆ ಹಿಂಬದಿ ಮಾಡಿ ನಿಂತಿದ್ದ ನನ್ನನ್ನು ಒಂದು ಬೆಳಿಗ್ಗೆ ಷಡಕ್ಷರಿ ಚಾಲೂ ಮಾಡಿದ. ಹೊಗೆಯೆಲ್ಲ ಸೀದಾ ಕೊಬ್ಬರಿ ಮೂಟೆಗಳ ಮೇಲೆ ಹೋಯಿತು. ಮಂಡಿಯ ಯಜಮಾನರು ಗುರುಶಾಂತಪ್ಪ ಓಡಿಬಂದರು.

"ಆಫ್ ಮಾಡಯ್ಯ! ಕೊಬ್ಬರಿಗೆ ಡೀಸೆಲ್ ವಾಸ್ನೆ ಹತ್ತಿದ್ರೆ ಯಾರು ತಗೋತಾರೆ? ತೆಗಿ ಗಾಡಿನ. ಈ ಲೋಡು ನಿನ್ ತಂಗಿ ಹೊಡೀಲಿ."

ಕುಮುದ ಆಗತಾನೆ ನೀಲಿ ಲಾರಿಯಿಂದ ಇಳಿಯುತ್ತಿದ್ದಳು. ಷಡಕ್ಷರಿಯ ಮುಖ ಕಪ್ಪಿಟ್ಟಿತು. ಎರಡು ವಾರದ ಹಿಂದೆ ನೀಲಿ ಲಾರಿ ಸರ್ವೀಸಿಗೆ ಹೋಗಿದ್ದಾಗ ಅವಳು ನನ್ನನ್ನು ಎರಡು ದಿನ ಓಡಿಸಿದ್ದಳು. ಅದು ಅವನಿಗೆ ಈಗ ನೆನಪಾಯಿತು.

"ನನ್ ಗಾಡಿ ಕೆಡಿಸಿದ್ದು ನೀನೇ ಕಣೇ!" ಎಂದು ಹಮಾಲರು, ವ್ಯಾಪಾರಿಗಳು ಎಲ್ಲರೆದುರು ಕೂಗಿದ. "ನೀನು ತಗೊಂಡೋಗಿ ಬಂದ್ಮೇಲೇ ಹಿಂಗಾಗಿರೋದು. ನನ್ ಬಾಡಿಗೆ ಕಿತ್ಕೊಳ್ಳೋಕೆ ಏನ್ ಮಾಡ್ದೆ ಹೇಳು!"

ಕುಮುದ ಮತ್ತೆ ಹತ್ತಿ ಕೂತಳು. ಲೋಡನ್ನೂ ಮುಟ್ಟದೆ ಲಾರಿ ತಿರುಗಿಸಿಕೊಂಡು ಹೊರಟುಹೋದಳು. ಸಂಜೆಗೆ ಅವಳ ಬಟ್ಟೆಬರೆಯೂ ಮನೆಯಲ್ಲಿರಲಿಲ್ಲ. ಹಾಸನ ರಸ್ತೆಯ ಗೆಳತಿಯ ಮನೆಗೆ ಹೋಗಿದ್ದಳು. ಶೆಡ್ಡು ಖಾಲಿಯಾಯಿತು. ನನ್ನನ್ನು ಮತ್ತೆ ಅಲ್ಲಿ ನಿಲ್ಲಿಸಿದರು.

ಈಗ ನಿಜ ಹೇಳಿಬಿಡುತ್ತೇನೆ. ನನ್ನನ್ನು ಕೆಡಿಸಿದವರು ಯಾರೆಂದು ನನಗೆ ಗೊತ್ತಿತ್ತು. ಕುಮುದ ನನ್ನನ್ನು ಹಿಂದಿರುಗಿಸಿದ ಮಾರನೆಯ ದಿನ ಷಡಕ್ಷರಿಯೇ ಡೀಸೆಲ್ ಎಳೆಯುವ ಫೀಡ್ ಪಂಪಿನ ಜಾಲರಿ ಬಿಚ್ಚಿ ತೊಳೆದಿದ್ದ. ಟ್ಯಾಂಕಿನಿಂದ ಡೀಸೆಲ್ ಬರುವ ಪೈಪಿನ ಜೋಡಣೆಗೆ ಹೊಸ ತಾಮ್ರದ ವಾಷರ್ ಹಾಕಬೇಕಿತ್ತು. ಅಷ್ಟರಲ್ಲಿ ಎದುರಿನ ರಸ್ತೆಯಲ್ಲಿ ನೀಲಿ ಲಾರಿ ತುಂಬಿದ ಲೋಡಿನೊಂದಿಗೆ ಹೋಯಿತು. ಅದು ಮರೆಯಾಗುವವರೆಗೂ ಅವನು ಅದನ್ನೇ ನೋಡುತ್ತ ನಿಂತ. ಆಮೇಲೆ, ಏನು ಮಾಡುತ್ತಿದ್ದೇನೆಂಬ ಗಮನವಿಲ್ಲದೆ, ಚಪ್ಪಟೆಯಾಗಿದ್ದ ಹಳೆಯ ವಾಷರನ್ನೇ ಕೂರಿಸಿ ಬಿಗಿದ. ಡೀಸೆಲ್ ಒಂದು ಹನಿಯೂ ಹೊರಗೆ ಸೋರಲಿಲ್ಲ. ಅಲ್ಲಿಂದ ಗಾಳಿ ಒಳಗೆ ನುಗ್ಗಿತು. ನಿಂತಾಗ ಪೈಪಿನ ಡೀಸೆಲ್ಲೆಲ್ಲ ಟ್ಯಾಂಕಿಗೆ ಇಳಿದುಹೋಗುತ್ತಿತ್ತು.

ನನಗೆ ಬಾಯಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ. ನೀಲಿ ಲಾರಿ ಹೋಗಿತ್ತು, ಶೆಡ್ಡು ನನ್ನದಾಗಿತ್ತು, ಷಡಕ್ಷರಿಯೂ ನನ್ನವನಾಗಿದ್ದ. ಆದರೆ ಆ ಒಂಬತ್ತು ದಿನ ಅವನು ಕ್ಯಾಬಿನ್ನಿಗೆ ಬಂದು ಕೂತು, ಏನೂ ಮಾಡದೆ, ಎದುರಿನ ಗೋಡೆ ನೋಡುತ್ತಿದ್ದ. ಊಟದ ಡಬ್ಬಿ ತೆರೆಯದೆ ವಾಪಸು ಒಯ್ಯುತ್ತಿದ್ದ. ನನ್ನ ಮೈ ಒಮ್ಮೆಯೂ ಒರೆಸಲಿಲ್ಲ.

ಹತ್ತನೆಯ ದಿನ ಬೆಳಕು ಹರಿಯುತ್ತಲೇ ಮೆಕ್ಯಾನಿಕ್ ಅನ್ಸರ್ ಪಾಷಾ ಮಫ್ಲರ್ ಸುತ್ತಿಕೊಂಡು ಬಂದರು. "ಸ್ಟಾರ್ಟ್ ಮಾಡಿಲ್ಲ ತಾನೆ? ಒಳ್ಳೇದು. ಬಿಸಿಯಾದ ಗಾಡಿ ಸುಳ್ಳು ಹೇಳ್ತದೆ," ಎಂದರು. ಮೊದಲು ರೇಡಿಯೇಟರಿನ ನೀರು ನೋಡಿದರು, ಎಂಜಿನ್ ಆಯಿಲಿನ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದರು. ಎರಡೂ ಸರಿಯಿದ್ದವು. ಚಾಲೂ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತು ಹೊಗೆ ಮೂಸಿದರು.

"ನೀಲಿ ಹೊಗೆ ಆಗಿದ್ರೆ ಆಯಿಲ್ ಸುಡ್ತಿದೆ ಅಂತಿದ್ದೆ. ಕಪ್ಪಾದ್ರೆ ಗಾಳಿ ಸಾಲ್ತಿಲ್ಲ. ಇದು ಸುಡದೇ ಇರೋ ಡೀಸೆಲ್ಲು, ಷಡಕ್ಷರಣ್ಣ. ಕಣ್ಣು ಉರೀತದೆ ನೋಡಿ."

ಆಮೇಲೆ ಸಿಲಿಂಡರುಗಳಿಗೆ ಡೀಸೆಲ್ ಒಯ್ಯುವ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನನ್ನ ದನಿ ಕೇಳಿದರು. ಪ್ರತಿ ಸಲವೂ ನನ್ನ ದನಿ ಕುಗ್ಗಿತು. "ಆರೂ ಕೆಲಸ ಮಾಡ್ತಾವೆ. ಎಂಜಿನ್ ಮುಗಿದಿಲ್ಲ." ಆದರೆ ನಟ್ಟಿನ ಸಂದಿಯಲ್ಲಿ ಬಂದ ಡೀಸೆಲ್ಲಿನಲ್ಲಿ ನೊರೆ ಇತ್ತು. ಪಾಷಾ ನನ್ನನ್ನು ನಿಲ್ಲಿಸಿ, ಪಂಪಿಗೆ ಬರುವ ದಾರಿಯಲ್ಲಿ ಒಂದು ಗಾಜಿನಂಥ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ ಮತ್ತೆ ಚಾಲೂ ಮಾಡಿಸಿದರು. ಅದರೊಳಗೆ ಗುಳ್ಳೆಗಳು ಸಾಲಾಗಿ ಓಡಿದವು. ಅವರು ಜೋಡಣೆ ಬಿಚ್ಚಿ, ವಾಷರನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ಈ ಹಳೇದನ್ನ ಯಾರು ಹಾಕಿದ್ದು?"

ಷಡಕ್ಷರಿ ಅದನ್ನು ಎತ್ತಿ ತಿರುಗಿಸಿ ನೋಡಿದ. "ನಾನೇ."

"ನಿಮ್ ತಂಗಿನೇ ನನ್ನ ಕಳ್ಸಿದ್ದು," ಎಂದರು ಪಾಷಾ, ಹೊಸ ವಾಷರ್ ಕೂರಿಸುತ್ತ. "ಬೆಳಿಗ್ಗೆ ಹತ್ತು ನಿಮಿಷ ಮಾತ್ರ ಹೊಗೆ, ಆಮೇಲೆ ಇಲ್ಲ, ಗಾಳಿ ಎಳೀತಿರ್ಬೇಕು ಪಾಷಾಣ್ಣ, ನೀವು ಹೋಗಿ ನೋಡಿ ಅಂದ್ರು. ತಾನು ಹೇಳಿದ್ರೆ ಅಣ್ಣ ಕೇಳಲ್ಲ ಅಂದ್ರು."

ದೂರದಲ್ಲಿದ್ದೂ ಅವಳೇ ನನ್ನ ಕಾಯಿಲೆ ಹಿಡಿದಿದ್ದಳು. ಷಡಕ್ಷರಿಯ ಮುಖದಲ್ಲಿ ನಾಚಿಕೆಯ ಜೊತೆಗೆ ಇನ್ನೊಂದು ಸುತ್ತು ಅಸೂಯೆ ಹಾದುಹೋದದ್ದನ್ನು ನಾನು ಕಂಡೆ. ಸುಮ್ಮನಿದ್ದುಬಿಡಬಹುದಿತ್ತು. ಪಾಷಾ ಬಾಯಿ ಬಿಡುವವರಲ್ಲ. ಆದರೆ ಅವನು ಮುಖ ತೊಳೆದು, ನನ್ನನ್ನು ನೇರ ಮಂಡಿಗೆ ಓಡಿಸಿದ.

ಕುಮುದ ನೀಲಿ ಲಾರಿಯ ಲೋಡಿಗೆ ಹಗ್ಗ ಬಿಗಿಯುತ್ತಿದ್ದಳು. ಷಡಕ್ಷರಿ ಅವಳ ಪಕ್ಕ ನಿಂತು ಮೆಲ್ಲಗೆ ಏನೋ ಗೊಣಗಿದ. ಅವಳು ತಿರುಗಲಿಲ್ಲ.

"ಅವತ್ತು ಎಲ್ಲರಿಗೂ ಕೇಳೋ ಹಂಗೆ ಹೇಳ್ದೆ ಅಲ್ವಾ ಅಣ್ಣ. ಇವತ್ತೂ ಹಂಗೇ ಹೇಳು."

ಹಮಾಲರು ಮೂಟೆ ಇಳಿಸಿ ನಿಂತರು. ಗುರುಶಾಂತಪ್ಪ ಗದ್ದಿಗೆಯಿಂದ ಎದ್ದು ಬಂದರು. ಷಡಕ್ಷರಿಯ ಕೈ ಹೆಗಲ ಟವೆಲನ್ನು ಹಿಂಡುತ್ತಿತ್ತು.

"ನನ್ ಗಾಡಿ ಕೆಡಿಸಿದ್ದು ನಾನೇ," ಎಂದ ಗಟ್ಟಿಯಾಗಿ. "ಕುಮುದನ್ ತಪ್ಪಿಲ್ಲ. ಅವಳಿಗೆ ಲೋಡು ಸಿಗೋದು ಕಂಡು ನನಗೆ ಹೊಟ್ಟೆ ಉರೀತಿತ್ತು. ಅದಕ್ಕೇ ಹಂಗಂದೆ."

ಯಾರೂ ನಗಲಿಲ್ಲ. ಕುಮುದ ಹಗ್ಗದ ಗಂಟು ಮುಗಿಸಿ ಕಣ್ಣೊರೆಸಿಕೊಂಡಳು. "ನಾಳೆ ಅರಸೀಕೆರೆಗೆ ಎರಡು ಲೋಡಿದೆ. ಒಂದು ನೀನು ಹಾಕ್ಕೋ," ಎಂದಳು. ಮನೆಗೆ ಬರುತ್ತೇನೆಂದು ಹೇಳಲಿಲ್ಲ. ಬಂದದ್ದು ಸಂಕ್ರಾಂತಿಗೆ, ಎಳ್ಳು ಬೀರಲು. ಅವತ್ತೂ ಉಳಿಯಲಿಲ್ಲ. ಯುಗಾದಿಯ ಹೊತ್ತಿಗೆ ನೀಲಿ ಲಾರಿ ಶೆಡ್ಡಿಗೆ ಬಂತು, ನಾನು ಹೊಂಗೆ ಮರದ ಕೆಳಗೆ ಹೋದೆ. ನನಗೆ ಉರಿಯಿತು, ಇಲ್ಲವೆನ್ನುವುದಿಲ್ಲ. ಆದರೆ ಅವತ್ತು ಷಡಕ್ಷರಿ ಎರಡು ಸಲ ಬಡಿಸಿಕೊಂಡು ಉಂಡ ಸದ್ದು ಜಗುಲಿಯಿಂದ ಕೇಳಿಸಿತು.

ಇನ್ನೂ ಆರು ವರ್ಷ ದುಡಿದೆ. ಕೊನೆಗೆ ಚಾಸಿ ಬಿರುಕು ಬಿಟ್ಟಿತು. ಗುಜರಿಯವರು ತುಮಕೂರಿಗೆ ತಂದು ಬಿಡಿ ಎಂದರು. ಕೊನೆಯ ಸಲ ಯಾರು ಓಡಿಸಬೇಕೆಂದು ಅಣ್ಣ ತಂಗಿಗೆ ಜಗಳವೇ ಆಯಿತು. ಕುಮುದ ಗೆದ್ದಳು. ಷಡಕ್ಷರಿ ಎಷ್ಟೋ ವರ್ಷದ ಮೇಲೆ ನನ್ನ ಎಡಗಡೆಯ ಸೀಟಿನಲ್ಲಿ ಕೂತ.

"ಮೂರನೇ ಗೇರಿಗೆ ಹಾಕೇ, ಉಬ್ಬು ಬಂತು."

"ನಂಗೊತ್ತು, ಸುಮ್ನೆ ಕೂತ್ಕೋ."

"ನಾನೇ ಕಲಿಸಿದ್ದು ನಿಂಗೆ."

"ಕಲಿಸಿದ್ದು ನೀನಲ್ಲ, ಈ ಗಾಡಿ."

ದಾರಿಯುದ್ದಕ್ಕೂ ಹೀಗೇ. ಈಗ ನಾನು ಚಕ್ರವಿಲ್ಲದೆ, ಬಾನೆಟ್ ಇಲ್ಲದೆ, ಬಸ್ಸುಗಳ ಬಾಗಿಲುಗಳ ನಡುವೆ ಬಿದ್ದಿದ್ದೇನೆ. ಪಕ್ಕದಲ್ಲಿರುವ ಟ್ರ್ಯಾಕ್ಟರಿಗೆ ನನಗಿಂತ ಹೆಚ್ಚು ನೆರಳಿದೆ. ಅದೂ ಕಣ್ಣಿಗೆ ಬೀಳುತ್ತದೆ, ಹುಟ್ಟುಗುಣ. ಯಾರನ್ನಾದರೂ ನನ್ನವರೆಂದು ಹಿಡಿದಿಟ್ಟುಕೊಳ್ಳುವುದಕ್ಕಾಗಿ ನಾನು ಬದುಕಿಡೀ ಸುಟ್ಟುಕೊಂಡೆ. ಷಡಕ್ಷರಿ ಪೂರ್ತಿ ನನ್ನವನಾಗಿದ್ದದ್ದು ಒಂಬತ್ತೇ ದಿನ, ಆ ಒಂಬತ್ತು ದಿನ ಅವನು ಉಪವಾಸವಿದ್ದ. ತುಮಕೂರಿನ ದಾರಿಯಲ್ಲಿ ಅವನು ತಂಗಿಯ ಜೊತೆ ಜಗಳವಾಡುತ್ತ ಒಂದು ಚಿಪ್ಪು ಬಾಳೆಹಣ್ಣಿನಲ್ಲಿ ಅರ್ಧದಷ್ಟು ತಿಂದು, ಸಿಪ್ಪೆಯನ್ನೆಲ್ಲ ನನ್ನ ಕಿಟಕಿಯಿಂದ ಎಸೆದ.