ಹಸಿರು ಗುಂಡಿ ಒತ್ತಿದ ಬೆರಳು

"ಆ ಹುಡುಗೀನ ಅಲ್ಲಿಂದ ಎಬ್ಬಿಸು ಕೆಂಡ್ರಾ! ಈಗಲೇ ಎಬ್ಬಿಸು! ನಾಚಿಕೆ ಅನ್ನೋದು ಒಂಚೂರಾದ್ರೂ ಇದೆಯೇನೇ ನಿನಗೆ?"

"ಮೆತ್ತಗೆ ಮಾತಾಡಿ ಮಿಸ್ ವರ್ಲೀನ್. ಮಕ್ಕಳು ಮಲಗಿದಾವೆ."

"ಮಲಗಿದಾವಾ? ಯಾವ ಕೂಸು ಹೆಂಗೆ ಮಲಗಿದೆ ಅಂತ ಒಂದ್ಸಲ ತಿರುಗಿ ನೋಡಿದೀಯಾ?"

ವರ್ಲೀನ್‌ಳ ಎಡಗೆನ್ನೆ ಹಲ್ಲಿನ ಡಾಕ್ಟರ ಸೂಜಿಯಿಂದ ಇನ್ನೂ ಮರಗಟ್ಟಿತ್ತು. ಮಾತು ಬಾಯಿಯ ಒಂದೇ ಕಡೆಯಿಂದ ಬರುತ್ತಿದ್ದರೂ ಸಿಟ್ಟು ಇಡಿಯಾಗಿಯೇ ಬರುತ್ತಿತ್ತು. ದವಡೆ ಹಲ್ಲು ಕೀಳಿಸಿಕೊಳ್ಳಲೆಂದು ಬೆಳಿಗ್ಗೆ ರಜೆ ಹಾಕಿ, ತಾನು ನೋಡಿಕೊಳ್ಳುವ ಕೂಸುಗಳ ಕೋಣೆಯನ್ನು ಡೇಕೇರ್ ನಡೆಸುವ ಕೆಂಡ್ರಾಳಿಗೆ ಒಪ್ಪಿಸಿ ಹೋಗಿದ್ದಳು. ಮಧ್ಯಾಹ್ನ ಬಂದು, ಬೀದಿಯ ಚಪ್ಪಲಿ ಬಿಟ್ಟು, ಕೋಣೆಯೊಳಗಿನ ಬಟ್ಟೆ ಚಪ್ಪಲಿ ಮೆಟ್ಟಿ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿದದ್ದು ನಾತ.

ಆಮೇಲೆ ಕಣ್ಣಿಗೆ ಬಿದ್ದದ್ದು ಮಕ್ಕಳು ಊಟ ಮಾಡುವ ಗಿಡ್ಡ ಮೇಜು. ಅದರ ಮೇಲೆ ಮೂರು ಟ್ಯಾಬ್ ಸಾಲಾಗಿ ನಿಂತಿದ್ದವು. ಮೂರರಲ್ಲೂ ಅದೇ ನೀಲಿ ಕೋಟಿನ ಹೆಂಗಸು, ಒಂದರ ಹಿಂದೊಂದು ಎಡವಿಕೊಂಡು ಅದೇ ಮಾತು ಹೇಳುತ್ತಿದ್ದಳು. ಎದುರಿಗೆ ನಾಲ್ಕು ವರ್ಷದ ಜೂನಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆಗಾಗ ಒಂದು ಟ್ಯಾಬ್ 'ಟಿಂಗ್' ಎಂದು, 'ನೀವು ಇನ್ನೂ ನೋಡುತ್ತಿದ್ದೀರಾ?' ಎಂದು ಕೇಳುತ್ತಿತ್ತು. ಕೂಡಲೇ ಜೂನಿ ಎದ್ದು ಹಸಿರು ಗುಂಡಿ ಒತ್ತಿ, ಪಕ್ಕದ ಬಟ್ಟಲಿನಿಂದ ಒಂದು ಕರಡಿ ಆಕಾರದ ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಗಲ್ಲದ ತುಂಬ ಕೆಂಪು ಜೊಲ್ಲು. ಕೆಂಡ್ರಾ ಮೂಲೆಯಲ್ಲಿ ಕಾಲು ಚಾಚಿ ಕೂತು, ನಾಳೆ ಬರುವ ಸರ್ಕಾರಿ ತನಿಖೆಯವರ ಕಣ್ಣಿಗೆ ಚೆಂದ ಕಾಣಲೆಂದು ಗೋಡೆಗೆ ಅಂಟಿಸುವ ಕಾಗದದ ಕುಂಬಳಕಾಯಿ ಕತ್ತರಿಸುತ್ತಿದ್ದಳು.

"ಶ್ಶ್, ಮಿಸ್ ವರ್ಲೀನ್, ನಾನು ಕೆಲಸ ಮಾಡ್ತಿದೀನಿ," ಎಂದಿದ್ದಳು ಜೂನಿ.

ತೊಟ್ಟಿಲಲ್ಲಿ ಅವಳ ತಮ್ಮ ಓಟಿಸ್, ಇನ್ನೂ ಮಗುಚಿಕೊಳ್ಳಲು ಬಾರದ ಕೂಸು, ಬೋರಲು ಬಿದ್ದಿದ್ದ. ಡೈಪರ್ ತುಂಬಿ, ಉಕ್ಕಿ, ಬೆನ್ನಿನಗುಂಟ ಕುತ್ತಿಗೆಯವರೆಗೆ ಹತ್ತಿ ಅಲ್ಲೇ ಒಣಗಿತ್ತು. ಮೂಗು ಹಾಸಿಗೆಗೆ ಒತ್ತಿಕೊಂಡಿತ್ತು. ವರ್ಲೀನ್ ಅವನನ್ನು ಮಗುಚಿದಾಗ ಒಂದು ಗಳಿಗೆ ಸದ್ದೇ ಇರಲಿಲ್ಲ. ಅವಳು ಅವನ ಅಂಗಾಲು ಗಸಗಸ ಉಜ್ಜಿದಳು. ಆಮೇಲೆ ಅವನು ಕೆಂಪಗೆ ಬಾಯಿ ತೆರೆದು ಕಿರುಚಿದ. ಹಿಂದೆ ಮೂರು ಟ್ಯಾಬ್‌ಗಳ ಹೆಂಗಸು ಹೇಳುತ್ತಿದ್ದಳು: "ಕೂಸನ್ನು ಯಾವಾಗಲೂ ಅಂಗಾತ ಮಲಗಿಸಿ."

ಈಗ ವರ್ಲೀನ್ ಅವನನ್ನು ತೊಳೆಯುತ್ತಲೇ ಬೈಯುತ್ತಿದ್ದಳು.

"ಅಳ್ತಿದ್ದ, ಅದಕ್ಕೆ ಬೋರಲು ಹಾಕಿದೆ. ಹಂಗೆ ಹಾಕಿದ್ರೆ ಬೇಗ ಮಲಗ್ತಾನೆ," ಎಂದಳು ಕೆಂಡ್ರಾ. "ಏನಾಯ್ತು ಈಗ? ಚೆನ್ನಾಗೇ ಇದಾನಲ್ಲ."

"ಚೆನ್ನಾಗಿದಾನಾ? ಬಾ ಇಲ್ಲಿ, ಈ ಕುತ್ತಿಗೆ ಮೂಸು ಬಾ. ಮೂಸೇ!"

"ನಾಳೆ ಆಫೀಸಿನವರು ಬರ್ತಾರೆ. ಅಡುಗೆಯವಳೂ ಸೇರಿ ನಮ್ಮ ಮೂರೂ ಜನದ ತರಬೇತಿ ಗಂಟೆ ತುಂಬಿಲ್ಲ ಅಂದ್ರೆ ಬಾಗಿಲಿಗೆ ಬೀಗ ಜಡೀತಾರೆ. ಎಲ್ಲಾ ಕಡೆ ಹಿಂಗೇ ಮಾಡೋದು ಮಿಸ್ ವರ್ಲೀನ್. ವಿಡಿಯೋ ಹಾಕ್ಬಿಟ್ಟು ಪಾತ್ರೆ ತೊಳೀತಾರೆ. ಯಾರು ಕೂತ್ಕೊಂಡು ನೋಡ್ತಾರೆ?"

"ನಾನು ನೋಡ್ತೀನಿ."

ನಿಜ. ಮೊದಲೆಲ್ಲ ಈ ತರಬೇತಿ ಊರಿನ ಅಗ್ನಿಶಾಮಕ ಠಾಣೆಯಲ್ಲಿ ನಡೆಯುತ್ತಿತ್ತು. ನಿಂತ ಉಸಿರು ಮರಳಿಸುವುದನ್ನು ಕಲಿಯಲು ರಬ್ಬರಿನ ಬೊಂಬೆಯ ಎದೆ ಒತ್ತಿ ಒತ್ತಿ ಅಂಗೈ ಕೆಂಪಾಗುತ್ತಿತ್ತು. ಈಗ ಎಲ್ಲ ಆನ್‌ಲೈನ್. ಆದರೂ ವರ್ಲೀನ್ ಅಡುಗೆಮನೆಯ ಮೇಜಿನ ಮುಂದೆ ಕೂತು, ಅರ್ಥವಾಗದ ಕಡೆ ಹಿಂದಕ್ಕೆ ಓಡಿಸಿ ನೋಡುತ್ತಿದ್ದಳು. ಇನ್ನು ಸ್ವಲ್ಪ ಬಾಕಿ ಇತ್ತು, ಇವತ್ತು ರಾತ್ರಿ ಮುಗಿಸಬೇಕೆಂದಿದ್ದಳು.

"ನೀವು ನೋಡೋದೂ ಬೇಡ ಇನ್ಮೇಲೆ," ಎಂದು ಕೆಂಡ್ರಾ ನಕ್ಕಳು. "ಆ ಮೂರನೇದು ನಿಮ್ಮದೇ. ಬಾಕಿ ಇದ್ದಿದ್ದೆಲ್ಲ ಮುಗೀತು. ಹಲ್ಲುನೋವಲ್ಲಿ ಪಾಪ ಅಂತ ನಾನೇ ಹಾಕಿಸ್ದೆ."

ವರ್ಲೀನ್‌ಳ ಕೈ ನಿಂತಿತು. ಅವಳ ಹೆಸರಿನ ಪಾಠವೂ ಜೂನಿಯ ಜೊಲ್ಲು ಹಿಡಿದ ಬೆರಳಿನಿಂದಲೇ ಪಾಸಾಗಿತ್ತು. ಕೂಸನ್ನು ಹೇಗೆ ಮಲಗಿಸಬೇಕೆಂಬ ಪಾಠ, ಕೂಸು ಬೋರಲು ಬಿದ್ದಿರುವ ಕೋಣೆಯಲ್ಲೇ.

"ನನ್ನ ಹೆಸರಿಂದ ತೆಗೆಸು ಅದನ್ನ."

"ತೆಗೆಸಬೇಕಂದ್ರೆ ಆಫೀಸಿಗೆ ನಿಜ ಹೇಳ್ಬೇಕು, ಆಗ ನಾಳೆಯಿಂದ ನೀವು ಈ ಕೋಣೆಗೆ ಕಾಲಿಡೋ ಹಂಗಿಲ್ಲ. ಆಗ ಕೂಸುಗಳನ್ನ ಯಾರು ನೋಡೋದು? ನಾನು." ಕೆಂಡ್ರಾ ಕುಂಬಳಕಾಯಿಗೆ ಅಂಟು ಸವರಿದಳು. "ಯೋಚನೆ ಮಾಡಿ."

"ಹಾಳಾಗಿ ಹೋಗು. ನಾನು ಹೊರಟೆ."

ಆದರೆ ಹೊರಡುವುದಾದರೂ ಹೇಗೆ? ತೊಟ್ಟಿಲು ತುಂಬ ಕೂಸುಗಳು, ಅಡುಗೆಯವಳು ಆಗಲೇ ಮನೆಗೆ ಹೋಗಿದ್ದಳು. ಒಬ್ಬರೇ ಇಷ್ಟು ಕೂಸುಗಳನ್ನು ನೋಡಿಕೊಳ್ಳಬಾರದೆಂದು ಕಾನೂನೇ ಇದೆ, ಅದರಲ್ಲೂ ಆ ಒಬ್ಬರು ಕೆಂಡ್ರಾ. ಸಿಟ್ಟಿನಿಂದ ಬಾಗಿಲು ಬಡಿದು ಹೋಗುವ ಸುಖವೂ ಈ ಕೆಲಸದಲ್ಲಿ ಇಲ್ಲ. ವರ್ಲೀನ್ ಉಳಿದಳು. ಟ್ಯಾಬ್‌ಗಳನ್ನು ಬೋರಲು ಹಾಕಿದಳು. ಒಂದೊಂದೇ ಕೂಸಿಗೆ ಹಾಲು ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ, ತಾಯಂದಿರು ಬಂದಂತೆ ಕೊಟ್ಟು ಕಳಿಸಿದಳು. ಕೆಂಡ್ರಾಳ ಕಡೆಗೆ ತಿರುಗಿಯೂ ನೋಡಲಿಲ್ಲ.

ಕಡೆಗೆ ಬಂದವಳು ಜೂನಿ ಮತ್ತು ಓಟಿಸ್ ಇಬ್ಬರ ತಾಯಿ ಮಾರ್ಲಾ. ಕೋಳಿ ಮಾಂಸದ ಕಾರ್ಖಾನೆಯಲ್ಲಿ ರೆಕ್ಕೆ ಕತ್ತರಿಸುವವಳು. ದಿನವಿಡೀ ಚಾಕು ಹಿಡಿದ ಬೆರಳುಗಳು ಮಡಿಚಿದ ಹಾಗೆಯೇ ಇದ್ದವು. ವರ್ಲೀನ್ ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದಳು. ಹೇಳುವಾಗ ತಾಯಿ ಈಗ ಕೂಗಾಡುತ್ತಾಳೆ, ಈಗ ಕೂಗಾಡುತ್ತಾಳೆ ಎಂದು ಅವಳ ಮುಖವನ್ನೇ ನೋಡುತ್ತ ಕಾದಳು.

ಮಾರ್ಲಾ ಸುಸ್ತಾಗಿ ನಕ್ಕಳು. "ಅಯ್ಯೋ, ಇವಳು ಮನೇಲೂ ಫೋನ್ ಬಿಡಲ್ಲ."

"ನಾನು ಪೂರ್ತಿ ನೋಡ್ದೆ ಅಮ್ಮಾ," ಎಂದಳು ಜೂನಿ ಹೆಮ್ಮೆಯಿಂದ. "ಪಾಪೂನ ಅಂಗಾತ ಮಲಗಿಸಬೇಕು. ದಿಂಬು ಇಡಬಾರದು. ಓಟಿಸ್ ಉಲ್ಟಾ ಇದಾನೆ ಅಂತ ಮಿಸ್ ಕೆಂಡ್ರಾಗೆ ಹೇಳ್ದೆ."

ವರ್ಲೀನ್ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು.

"ಅದಕ್ಕೆ ಮಿಸ್ ಕೆಂಡ್ರಾ ಏನಂದ್ರು ಪುಟ್ಟಿ?" ವರ್ಲೀನ್ ಕೇಳಿದಳು.

"ಬಾಯ್ಮುಚ್ಕೊಂಡು ಗುಂಡಿ ಒತ್ತು ಅಂದ್ರು. ಇನ್ನೊಂದು ಕರಡಿ ಕೊಟ್ರು."

ಕೆಂಡ್ರಾ ಗೋಡೆಯ ಕುಂಬಳಕಾಯಿ ಸರಿಮಾಡತೊಡಗಿದಳು. ಮಾರ್ಲಾ ಓಟಿಸ್‌ನನ್ನು ಎದೆಗೆ ಒತ್ತಿಕೊಂಡು ಅವನ ಕುತ್ತಿಗೆಯ ಮಡಿಕೆಯಲ್ಲಿ ಮೂಗಿಟ್ಟಳು. ಕಣ್ಣು ತುಂಬಿತು.

"ನಾಳೆ..." ಮಾರ್ಲಾ ನೆಲ ನೋಡುತ್ತ ಕೇಳಿದಳು, "ನಾಳೆ ಬೆಳಿಗ್ಗೆ ಎಂದಿನಂಗೆ ತೆಗೆದಿರ್ತೀರಲ್ಲ? ನನಗೆ ಶಿಫ್ಟ್ ಇದೆ."

"ತೆಗೆದೇ ಇರ್ತೀವಿ," ಎಂದಳು ಕೆಂಡ್ರಾ. "ಯಾಕೆ ತೆಗೆಯಲ್ಲ? ಎಲ್ಲರದ್ದೂ ಪಾಸಾಗಿದೆ."

ವರ್ಲೀನ್‌ಗೆ ಇಬ್ಬರ ಮೇಲೂ ಅಸಹ್ಯವಾಯಿತು. ಮಾರ್ಲಾಳ ಮೇಲಿನದನ್ನು ಆ ಮಡಿಚಿದ ಬೆರಳು ನೋಡಿ ನುಂಗಿಕೊಂಡಳು.

"ಈ ಇಬ್ಬರನ್ನ ನನ್ನ ಮನೆಗೆ ಕರ್ಕೊಂಡು ಬಾ ಮಾರ್ಲಾ. ಎಷ್ಟು ಬೇಗ ಬಂದ್ರೂ ಎದ್ದಿರ್ತೀನಿ. ಇಲ್ಲಿಗೆ ಬರಬೇಡ. ಬೆಳಿಗ್ಗೆ ಆಫೀಸಿಗೆ ಫೋನ್ ಮಾಡ್ತೀನಿ, ನನ್ನ ಹೆಸರಲ್ಲಿ ಪಾಸಾಗಿದ್ದು ಯಾರು ಅಂತ ಹೇಳ್ತೀನಿ."

"ಹೇಳಿ ನೋಡೋಣ!" ಕೆಂಡ್ರಾಳ ದನಿ ಈಗ ಏರಿತು. "ಊರಿನ ಹೆಂಗಸರು ನಿಮ್ಮ ಮನೆಗೇ ಬಂದು ಉಗೀತಾರೆ. ಇದು ಮುಚ್ಚಿದ್ರೆ ಅವರೆಲ್ಲಿಗೆ ಹೋಗ್ಬೇಕು? ನಿಮ್ಮ ಮನೆಗಾ? ಎಲ್ಲರೂನಾ?"

ವರ್ಲೀನ್ ಓಟಿಸ್‌ನ ಬಟ್ಟೆಯ ಚೀಲ ತಂದು ಮಾರ್ಲಾಳ ಹೆಗಲಿಗೆ ಹಾಕಿದಳು. ಮಾರ್ಲಾ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಕಾರಿನ ಕಡೆ ನಡೆದಳು. ಜೂನಿ ತಿರುಗಿ ಕೈ ಬೀಸಿದಳು.

ಕೋಣೆಯಲ್ಲಿ ಇನ್ನು ಒಂದು ಕೂಸೂ ಇರಲಿಲ್ಲ. ವರ್ಲೀನ್ ಕೈ ತೊಳೆದಳು, ಮೊಣಕೈವರೆಗೆ ಉಜ್ಜಿ ತೊಳೆದಳು. ಬಟ್ಟೆ ಚಪ್ಪಲಿ ಕಳಚಿ, ಡೈಪರ್ ಡಬ್ಬಿಯ ಮುಚ್ಚಳ ಎತ್ತಿ ಅದರೊಳಗೆ ಹಾಕಿದಳು.

"ಮಿಸ್ ವರ್ಲೀನ್, ಹುಚ್ಚಾಟ ಸಾಕು. ನಾಳೆ ಬರ್ತೀರಲ್ಲ?"

ಬೋರಲು ಬಿದ್ದಿದ್ದ ಟ್ಯಾಬ್ ಒಂದು 'ಟಿಂಗ್' ಎಂದಿತು. ವರ್ಲೀನ್ ಬೀದಿಯ ಚಪ್ಪಲಿ ಮೆಟ್ಟಿ ಹೊರಗೆ ನಡೆದಳು, ಮತ್ತೆ ಆ ಬಾಗಿಲಿಗೆ ಬರಲಿಲ್ಲ.