ಮುಟ್ಟದೆ ಕೂತ ಮಧ್ಯಾಹ್ನ

ಕೆರ್ ಕೆರ್ ಎಂದು ಆ ಮುಳ್ಳು ಕಾಗದ ಕೆರೆಯುತ್ತಲೇ ಇದೆ, ಪಕ್ಕದ ಮನೆಯ ಕೋಳಿ ತಿಪ್ಪೆ ಕೆದರಿದ ಹಾಗೆ, ಇಷ್ಟು ದೊಡ್ಡ ಯಂತ್ರಕ್ಕೆ ಇಷ್ಟು ಸಣ್ಣ ಸದ್ದು, ಪುಣೆಯಿಂದ ಕಡ ತಂದದ್ದಂತೆ, ನಾಳೆ ಬೆಳಿಗ್ಗೆ ವಾಪಸು ಹೋಗುತ್ತದಂತೆ, ಹೋಗಲಿ ಅತ್ತ, ಪೀಡೆ — ಅಯ್ಯೋ, ಹೋಗಬಾರದು, ಇವತ್ತಿನ ಕೆಲಸ ಮುಗಿಯುವ ತನಕ ಹೋಗಲೇಬಾರದು — ಕಿಟಕಿಗೆ ಕರಿ ಪರದೆ ಬಿಟ್ಟಿದ್ದಾರೆ, ಹೊರಗೆ ಬೆಳಗಾವಿಯ ಬಿಸಿಲು ಉರಿಯುತ್ತಿದೆ, ಒಳಗೆ ಆಸ್ಪತ್ರೆಯ ಮಂಚದ ಮೇಲೆ ಇವರು ಮಲಗಿದ್ದಾರೆ, ಮೂಗಿನ ಕೆಳಗೆ ಒಂದು ತಂತಿ, ಎದೆಗೆ ಒಂದು ಪಟ್ಟಿ, ರಾತ್ರಿಪಾಳಿಯ ಮನುಷ್ಯ, ಹಗಲೇ ಇವರ ರಾತ್ರಿ, ಗೊರಕೆ ಮಾತ್ರ ನಮ್ಮ ಖಾನಾಪುರದ ಮನೆಯದ್ದೇ, ಅದಕ್ಕೆ ಯಾವ ಊರಾದರೇನು. ಮ್ಯಾಲಿನ ಮುಳ್ಳು ಮೂಗಿನ ಗಾಳಿ ತೋರಸ್ತೈತ್ರಿ, ಕೆಳಗಿಂದು ಎದಿ ಏಳೂದು ತೋರಸ್ತೈತಿ ಎಂದು ಜಿನಮತಿ ಡಾಕ್ಟರು ಹೇಳಿಕೊಟ್ಟಿದ್ದಾರೆ, ಎರಡೂ ಜೋಡಿಯಾಗಿ ಏರಿ ಇಳಿಯುತ್ತಿದ್ದರೆ ಚಿಂತೆಯಿಲ್ಲ, ಮೇಲಿನದು ನಿಂತು ಕೆಳಗಿನದು ಮಾತ್ರ ಒದ್ದಾಡಿದರೆ — ಅದೇ ಬೇಕು ಅವರಿಗೆ, ಅದನ್ನೇ ಕಾಯುತ್ತಿದ್ದಾರೆ, ನನ್ನ ಗಂಡನ ಉಸಿರು ನಿಲ್ಲುವುದನ್ನು ಕಾಯುತ್ತ ಕೂತಿದ್ದೇವೆ ನಾವಿಬ್ಬರು ಹೆಂಗಸರು, ಎಂಥಾ ಕೆಲಸವೋ ಶಿವನೇ. ನಾನು ಕಾಲದೆಸೆಯಲ್ಲಿ ಕಬ್ಬಿಣದ ಸ್ಟೂಲಿನ ಮೇಲೆ, ಎರಡೂ ಕೈ ತೊಡೆಯ ಕೆಳಗೆ. ಚಂದ್ರವ್ವಾರ, ಇವತ್ತ ಏನ ಆದರೂ ಮುಟ್ಟಬ್ಯಾಡ್ರಿ ಎಂದಿದ್ದಾರೆ ಡಾಕ್ಟರು.

ಮುಟ್ಟಬ್ಯಾಡ್ರಿ ಎಂದರೆ ಆಯಿತೇ, ಈ ಕೈಗೆ ಯಾರು ಹೇಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಆ ಗೊರಕೆ ಕೇಳಿ ಹೌಹಾರಿದ್ದೆ, ಅತ್ತೆ ನಿಂಗವ್ವ ನಕ್ಕಳು, ನನ್ನ ಮಗಾ ಗಟ್ಟಿ ಅದಾನವಾ, ಗಂಡಸು ಮಲಗಿದ್ದು ಓಣಿಗೆಲ್ಲಾ ಗೊತ್ತಾಗಬೇಕು ಎಂದಳು, ಓಣಿಗೇನು ಬಂತು, ಸ್ಟೇಶನ್ನಿಗೂ ಗೊತ್ತಾಗುತ್ತಿತ್ತು. ಗೊರಕೆಗೆ ಒಗ್ಗಿಕೊಂಡೆ. ಒಗ್ಗದೆ ಹೋದದ್ದು ಗೊರಕೆ ನಿಂತಾಗಿನ ಮೌನಕ್ಕೆ — ಇದ್ದಕ್ಕಿದ್ದಂತೆ ಮನೆ ಸುಮ್ಮನಾಗುತ್ತದೆ, ಒಲೆ ಮುಂದೆ ಕೂತವಳ ಕಿವಿ ನೆಟ್ಟಗಾಗುತ್ತದೆ, ಓಡಿ ಬಂದು ನೋಡಿದರೆ ಬಾಯಿ ತೆರೆದೇ ಇದೆ, ಹೊಟ್ಟೆ ಏರುತ್ತದೆ, ಇಳಿಯುತ್ತದೆ, ಮೂಗಿಗೆ ಬೆರಳು ಹಿಡಿದರೆ ಗಾಳಿಯೇ ಇಲ್ಲ. ಭುಜ ಹಿಡಿದು ಅಲುಗಾಡಿಸಿದರೆ ಧಡಕ್ಕನೆ ಎದ್ದು ಕೂತು, ಏನಾಗೇತಿ ನಿನಗ, ಸುಖದಾಗ ನಿದ್ದೀನೂ ಮಾಡಗೊಡಂಗಿಲ್ಲಲಾ ಎಂದು ಬೈಯುತ್ತಾರೆ, ನಿಂತದ್ದು ತನ್ನ ಉಸಿರು ಎಂಬುದೇ ಅವರಿಗೆ ತಿಳಿಯದು. ಪಾಳಿಗೆ ಹೋಗುವವರ ನಿದ್ದೆ ಕೆಡಬಾರದು, ಜೀವವೂ ಹೋಗಬಾರದು, ಎರಡರ ನಡುವೆ ನನಗೆ ಸಿಕ್ಕಿದ್ದು ಕಾಲಿನ ಹೆಬ್ಬೆರಳು, ಮೆತ್ತಗೆ ಜಗ್ಗಿದರೆ ಸಾಕು, ಎಚ್ಚರಾಗುವುದಿಲ್ಲ, ಹೂಂ ಎಂದು ಮಗ್ಗುಲಾಗಿ ಉಸಿರು ಎಳೆದುಕೊಳ್ಳುತ್ತಾರೆ. ಅಂದಿನಿಂದ ನನ್ನ ಹಗಲೆಲ್ಲ ಅಲ್ಲೇ, ಬಲಗೈಯಲ್ಲಿ ಅಕ್ಕಿ ಆರಿಸುತ್ತೇನೆ, ಮೆಂತ್ಯ ಸೋಸುತ್ತೇನೆ, ಎಡಗೈ ಆ ಬೆರಳ ಮೇಲೆ. ಪಕ್ಕದ ಮನೆಯ ತಾರಾಬಾಯಿ ಬಾಗಿಲಲ್ಲಿ ನಿಂತು, ಏನ ಪತಿವ್ರತಾ ಇದ್ದೀಯವಾ, ಯಾವಾಗ ನೋಡಿದರೂ ಗಂಡನ ಪಾದಾ ಹಿಡಕೊಂಡೇ ಕುಂತಿರತಿ ಎಂದು ಚಾಷ್ಟಿ ಮಾಡುತ್ತಾಳೆ, ಮಾಡಲಿ. ಇವರಿಗೆ ನಾನು ಹೇಳಿಲ್ಲ, ಹೇಳಿದರೆ ಹೆದರಿ ನಿದ್ದೆಯನ್ನೇ ಬಿಟ್ಟಾರು.

ಹೆದರಬೇಕಾದ್ದು ಬೇರೆಯೇ ಇತ್ತು. ಹಗಲೆಲ್ಲ ಮಲಗಿದರೂ ಕಣ್ಣು ಕೆಂಡ, ಕೂತಲ್ಲಿ ತೂಕಡಿಕೆ, ಉದ್ಯಮಬಾಗದ ಎರಕದ ಕಾರ್ಖಾನೆಯಿಂದ ಬರುವ ಬೆಳಗಿನ ಬಸ್ಸಿನಲ್ಲಿ ಮಲಗಿಬಿಡುತ್ತಾರೆ, ಕಂಡಕ್ಟರ್ ಓ ಮಾಮಾ, ಉಠಾ, ಖಾನಾಪುರ ಆಲಂ ಎಂದು, ಊರು ಬಂತೆಂದು ಮರಾಠಿಯಲ್ಲಿ ಕೂಗಿ ಎಬ್ಬಿಸಬೇಕು, ಹೊಸ ಕಂಡಕ್ಟರ್ ಬಂದ ದಿನ ಊರು ದಾಟಿ ಲೋಂಡಾದವರೆಗೂ ಹೋಗಿ ಬಂದರು, ಊರೆಲ್ಲ ನಕ್ಕಿತು, ನಾನೂ ನಕ್ಕೆ, ಏನ್ರೀ, ಲೋಂಡಾದಾಗ ಇನ್ನೊಂದು ಸಂಸಾರ ಐತೇನು ಎಂದೆ. ಆಮೇಲೆ ಒಂದು ದಿನ ಸತ್ಯಪ್ಪ ಬಂದ, ಭಟ್ಟಿಯಲ್ಲಿ ಇವರ ಜೋಡಿ, ಕರಗಿದ ಕಬ್ಬಿಣದ ಪಾತ್ರೆಯ ಈ ಕಡೆಯ ಹಿಡಿಕೆ ಇವರದು, ಆ ಕಡೆಯದು ಅವನದು. ವೈನಿ, ನಿನ್ನಿ ಅಣ್ಣಾ ನಡಕೋತ ನಡಕೋತನಽ ನಿದ್ದಿ ಹ್ವಾದಾ ಎಂದ. ಪಾತ್ರೆ ವಾಲಿತಂತೆ, ಒಂದಿಷ್ಟು ಕೆಂಪು ಕಬ್ಬಿಣ ಮರಳಿಗೆ ಚೆಲ್ಲಿತಂತೆ, ಸತ್ಯಪ್ಪ ಹಿಂದೆ ಜಿಗಿದನಂತೆ, ತೋರಿಸಿದ, ಪ್ಯಾಂಟಿನ ಅಂಚು ಸುಟ್ಟು ಕರ್ರಗಾಗಿತ್ತು. ಪಾಳಿಯ ಮೇಲ್ವಿಚಾರಕ ಬಂದು ಕುಡದ ಬಂದಾನ ಇಂವಾ, ಹೊರಗ ಹಾಕ್ರಿ ಎಂದನಂತೆ, ಅವನ ಬಾಯಿಗೆ ಮಣ್ಣು ಬೀಳ, ಜನ್ಮದಲ್ಲಿ ಒಂದು ಹನಿ ಮುಟ್ಟದವರು, ಸ್ನಾನ ಮಾಡಿ ಲಿಂಗಪೂಜೆ ಆಗದೆ ಚಹಾ ಸಹ ಕುಡಿಯದವರು. ಆ ಸಂಜೆ ಇವರು ಒಂದು ತುತ್ತೂ ಉಣ್ಣಲಿಲ್ಲ. ನಾ ಸತ್ತರ ಸತ್ತೆ ಬಿಡು, ಸತ್ಯಪ್ಪನ ಕಾಲಮ್ಯಾಗ ಸುರದಿದ್ದರ ಅವನ ಹೆಂಡ್ತಿಗೆ ಯಾವ ಮಾರಿ ತೋರಸಲಿ ಎಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು, ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಆಮೇಲೆ ಟಾನಿಕ್ಕು, ಸೂಜಿ, ಅಂತ್ರದ ತಾಯಿತ, ಕಡೆಗೆ ಈ ಜಿನಮತಿ ಡಾಕ್ಟರು. ನಿದ್ದೆಯಲ್ಲಿ ಉಸಿರು ಕಟ್ಟುವವರನ್ನು ಹುಡುಕಿ ಹುಡುಕಿ ಅಭ್ಯಾಸ ಮಾಡುತ್ತಿದ್ದಾರೆ, ಇನ್ನೂ ಎಳೆ ವಯಸ್ಸು, ಗೊರಕಿ ಡಾಕ್ಟರ್ ಎಂದು ಇಲ್ಲಿಯವರೇ ಬೆನ್ನ ಹಿಂದೆ ನಗುತ್ತಾರಂತೆ. ನಾನು ಬಾಯಿ ತೆರೆಯುವ ಮೊದಲೇ, ಗೊರಕಿ ನಡುನಡುವ ನಿಂತ ಬಿಡತೈತೇನ್ರಿ ಎಂದು ಕೇಳಿದರು, ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ, ನನಗೆ ಅಳುವೇ ಬಂತು. ಮಲಗಿದಾಗ ಗಂಟಲು ಒಳಗಿಂದ ಮುಚ್ಚಿಕೊಳ್ಳುತ್ತದಂತೆ, ಎದೆ ಎಳೆಯುತ್ತದೆ, ಗಾಳಿ ಹೋಗುವುದಿಲ್ಲ, ಹೃದಯ ದಣಿಯುತ್ತದೆ, ಒಂದು ದಿನ ನಿಂತೂ ಬಿಡಬಹುದು. ಈ ಎಂಬತ್ತನೆಯ ಇಸವಿಯಲ್ಲಿ ಇದಕ್ಕೆ ಇರುವುದು ಒಂದೇ ದಾರಿಯಂತೆ, ಕುತ್ತಿಗೆಯಲ್ಲಿ ತೂತು ಮಾಡಿ ಸಣ್ಣ ನಳಿಗೆ ಕೂರಿಸುವುದು, ಮಲಗುವಾಗ ತೆರೆಯಬೇಕು, ಎದ್ದಾಗ ಮುಚ್ಚಿಕೊಂಡರೆ ಮಾತೂ ಬರುತ್ತದೆ. ಶಿವದಾರ ಬೀಳುವ ಜಾಗ ಅದು, ಕುತ್ತಿಗೆ ಎಂದರೆ ಏನು, ಕುಂಬಳಕಾಯಿಯೇ ಕೊರೆಯಲಿಕ್ಕೆ. ಇವರು ಮಾತ್ರ, ಕೊರೀರಿ ಅಕ್ಕಾರ, ಇಕೀ ಮಾಡಿದ ಸಾರು ಅಲ್ಲಿಂದ ಹೊರಗ ಬರದಿದ್ದರ ಸಾಕು ಎಂದು ನಕ್ಕರು, ಆಮೇಲೆ ನಗು ನಿಲ್ಲಿಸಿ, ನಿದ್ದಿ ಹತ್ತಲಾರದಂಗ ಭಟ್ಟಿ ಮುಂದ ನಿಂದ್ರಬೇಕ್ರಿ, ಅಷ್ಟ ಮಾಡಿಕೊಡ್ರಿ ಎಂದರು. ಆದರೆ ಕೊರೆಯುವವರು ದೊಡ್ಡ ಡಾಕ್ಟರು, ಉಸಿರು ನಿಂತದ್ದು ಕಾಗದದ ಮೇಲೆ ಕಾಣದೆ ಚಾಕು ಎತ್ತುವುದಿಲ್ಲ ಎಂದುಬಿಟ್ಟಿದ್ದಾರೆ.

ಮೊನ್ನೆ ಇದೇ ಯಂತ್ರ ಹಚ್ಚಿದಾಗ ಅದು ಕಾಣಲಿಲ್ಲ. ಮೊದಲು ನನ್ನನ್ನು ಹೊರಗೆ ಕೂರಿಸಿದ್ದರು, ನಿಂತಲ್ಲೇ ನಿದ್ದೆ ಮಾಡುವ ಮಹಾಶಯರಿಗೆ ಇಲ್ಲಿ ಮೆತ್ತನೆ ಹಾಸಿಗೆಯ ಮೇಲೆ ನಿದ್ದೆಯೇ ಹತ್ತಲಿಲ್ಲ, ಛಾವಣಿ ನೋಡುತ್ತ ಬಿದ್ದಿದ್ದರು, ಆಗ ನನ್ನನ್ನು ಒಳಗೆ ಕರೆದು ಕಾಲದೆಸೆಯಲ್ಲಿ ಕೂರಿಸಿದರು, ಕೂತ ಕೂಡಲೇ ಗೊರಕೆ ಸುರುವಾಯಿತು, ಮತ್ತೆ ಕೈ ಎಲ್ಲಿಗೆ ಹೋಗಬೇಕು, ಹೊದಿಕೆಯ ಕೆಳಗೆ ತನ್ನ ಜಾಗಕ್ಕೆ ಹೋಯಿತು, ಉಸಿರು ತಡೆಯುವುದು ಗೊತ್ತಾದ ಕೂಡಲೇ ಜಗ್ಗಿತು, ಕಾಗದ ರಂಟೆ ಹೊಡೆದ ಹೊಲದ ಹಾಗೆ ನೀಟಾಗಿ ಬಂತು. ಏನೂ ಇಲ್ಲ ಇವಗ, ಮೈ ಇಳಸು ಅನ್ರಿ ಎಂದು ದೊಡ್ಡ ಡಾಕ್ಟರು ಹೋದರು. ಜಿನಮತಿ ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಬಂದು ನನ್ನ ಬಾಜು ಕೂತರು, ಮನ್ಯಾಗ ಉಸಿರ ನಿಂತಾಗ ನೀವ ಏನ ಮಾಡತೀರಿ ಎಂದು ಕೇಳಿದರು, ಹೇಳಿದೆ, ಹೊದಿಕೆ ಎತ್ತಿ ನನ್ನ ಕೈ ನೋಡಿದರು. ಬೈಯಲಿಲ್ಲ. ಅವರನ್ನ ಉಳಿಸಿಕೊಂಡ ಬಂದೀರಿ, ಆದರ ಇನ್ನೊಂದ ಸರ್ತಿ ಹಿಂಗ ಆದರ ನನ್ನ ಮಾತ ಯಾರೂ ಕೇಳಂಗಿಲ್ಲರಿ ಎಂದರು. ಉಸಿರ ಬರದಿದ್ದರ, ಎಂದೆ. ತಾನಽ ಬರತೈತಿ, ಬರಲಿಲ್ಲಂದ್ರ ನಾ ಇಲ್ಲೇ ಅದೀನಲ್ಲ ಎಂದರು.

ತಡೆ, ಗೊರಕೆ — ಗೊರಕೆ ಎಲ್ಲಿ ಹೋಯಿತು. ನಿಂತಿತು. ಮೇಲಿನ ಮುಳ್ಳು ನೆಟ್ಟಗೆ ಗೆರೆ ಎಳೆಯುತ್ತಿದೆ, ಕೆಳಗಿನದು ಏಳುತ್ತಿದೆ, ಬೀಳುತ್ತಿದೆ, ಜೋರಾಗುತ್ತಿದೆ, ಹೊಟ್ಟೆ ಉಬ್ಬಿ ಪಕ್ಕೆಗಳು ಒಳಕ್ಕೆ ಸೆಳೆಯುತ್ತಿವೆ, ಬಾಯಿ ತೆರೆದಿದೆ, ತುಟಿ ನೇರಳೆ ಹಣ್ಣು ತಿಂದವರ ಹಾಗೆ, ಸಾಕು, ಕಂಡಿತಲ್ಲ, ಸಾಕು, ಜಗ್ಗುತ್ತೇನೆ, ಜಿನಮತಿ ಡಾಕ್ಟರು ನನ್ನ ಕಡೆ ನೋಡದೆಯೇ ಕೈ ಎತ್ತಿ ತಡೆಯುತ್ತಾರೆ, ಅವರ ಕಣ್ಣು ಕಾಗದದ ಮೇಲೆ, ಕೆಳತುಟಿ ಕಚ್ಚಿಕೊಂಡಿದ್ದಾರೆ, ಡಾಕ್ಟರಿಗೂ ಹೆದರಿಕೆ, ಅಯ್ಯೋ ಡಾಕ್ಟರಿಗೂ ಹೆದರಿಕೆಯೇ, ಹಾಗಾದರೆ ನಾನು ಯಾರನ್ನು ನಂಬಿ ಕೂತಿದ್ದೇನೆ, ನನ್ನ ತೊಡೆಯ ಕೆಳಗೆ ಬಲಗೈ ಜೋಮು ಹಿಡಿದಿದೆ, ಎಡಗೈ ಮಾತ್ರ ಜೀವಂತ ಮೀನಿನ ಹಾಗೆ ಒದ್ದಾಡುತ್ತಿದೆ, ಬರಲಿ, ಬಸವಣ್ಣಾ ಬರಲಿ — ಗೊರ್ರ್ ಎಂದು ಮೈಯೆಲ್ಲ ಅದುರಿ ಬಂತು, ಬಂತು, ಮೇಲಿನ ಮುಳ್ಳು ಎಗರಿತು. ಸಿಕ್ಕತ್ರಿ ಚಂದ್ರವ್ವಾರ, ಸಿಕ್ಕತು ಎಂದು ಪಿಸುಗುಟ್ಟುತ್ತಾರೆ ಡಾಕ್ಟರು, ಅವರ ಹಣೆಯ ಮೇಲೆ ಬೆವರು. ಸಿಕ್ಕತಲ್ಲರಿ, ಎಬ್ಬಸಲ್ಯಾ, ಎಂದೆ. ಬ್ಯಾಡ್ರಿ, ಒಂದ ಸರ್ತಿ ಕಂಡರ ಹೆಂಗೋ ಬಂದಿರಬೇಕು ಅಂತಾರ, ಮ್ಯಾಲಿಂದ ಮ್ಯಾಲೆ ಬರಬೇಕು, ನಿದ್ದಿ ಮುಗಿಯೂತನಕ ಹಿಂಗಽ ಕುಂದರ್ರಿ ಎಂದರು. ಕೂತೆ.

ಮತ್ತೆ ನಿಂತಿತು, ಮತ್ತೆ ಆ ನೆಟ್ಟ ಗೆರೆ, ನೋಡುವುದಿಲ್ಲ ಮುಖ, ನೋಡಿದರೆ ತಡೆಯಲಾರೆ, ಕೆಳಗೆ ನೋಡುತ್ತೇನೆ — ಹೊದಿಕೆ ಅಲುಗಿತು. ಹೊದಿಕೆಯ ತುದಿಯಿಂದ ಇವರ ಎಡಗಾಲು ಹೊರಗೆ ಬರುತ್ತಿದೆ, ನಿದ್ದೆಯೊಳಗೇ, ಹೆಬ್ಬೆರಳು ಉಳಿದ ಬೆರಳುಗಳನ್ನು ಬಿಟ್ಟು ಎದ್ದು ನಿಂತಿದೆ, ಅತ್ತ ಹೋಗುತ್ತದೆ, ಇತ್ತ ಬರುತ್ತದೆ, ಹಾಸಿಗೆಯ ಅಂಚನ್ನು ತಡಕುತ್ತಿದೆ, ನನ್ನ ಕೈಯನ್ನು, ಇದು ನನ್ನ ಕೈಯನ್ನು ಹುಡುಕುತ್ತಿದೆ. ಗೊತ್ತಿತ್ತೇನ್ರೀ ನಿಮಗೆ, ಇಷ್ಟು ವರ್ಷ, ನಾನೊಬ್ಬಳೇ ಕಾಯುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ, ಉಸಿರು ಕಟ್ಟಿದಾಗೆಲ್ಲ ನೀವು ಕಾಲು ಚಾಚಿ ಕೇಳುತ್ತಿದ್ದಿರೇ, ಕೇಳುವ ಮೊದಲೇ ನಾನು ಜಗ್ಗುತ್ತಿದ್ದೆ, ಅದಕ್ಕೇ ಕಂಡಿರಲಿಲ್ಲ. ಒಂದು ಗೇಣು, ಕೈ ಚಾಚಿದರೆ ಸಿಗುತ್ತದೆ, ಚಾಚಬಾರದು, ಅದೀನ್ರೀ, ಇಲ್ಲೇ ಅದೀನಿ, ಕೊಡಬಾರದು ಅಷ್ಟೇ — ಗೊರ್ರ್ ಎಂದು ಬಂತು ಉಸಿರು, ಬೆರಳು ಸೋತು ಬಿತ್ತು, ಕೆರ್ ಕೆರ್ ಮುಳ್ಳು, ಡಾಕ್ಟರು ತಲೆಯಾಡಿಸಿದರು, ಮತ್ತೆ ನಿಂತಿತು, ಮತ್ತೆ ಎದ್ದಿತು ಹೆಬ್ಬೆರಳು, ಅಂಚಿಗೆ ಬಂತು, ನನ್ನ ಕೈ ಇರಬೇಕಾದಲ್ಲಿ ತಡಕಿತು, ಇಲ್ಲ, ಇನ್ನೊಮ್ಮೆ ತಡಕಿತು, ಇಲ್ಲ, ಹಾಗೇ ನಿಂತಿದೆ, ಹೆಬ್ಬೆರಳು, ಕಾಯುತ್ತ, ಹೆಬ್ಬೆರಳು —